ಮಲೆನಾಡಿನ ಮನೆಗೆ ಪ್ಲಾಸ್ಟಿಕ್ ಕಿಟಕಿ, ಬಾಗಿಲು: ಯಾವ ಗೋಡೆಗೆ ಯಾವ ಫಿನಿಶ್?

ಹಳೆ ಮನೆ ರಿಪೇರಿ ಮಾಡಿಸುವವರಾಗಲಿ, ಹೊಸ ಮನೆ ಕಟ್ಟಿಸುವವರಾಗಲಿ, ನಮ್ಮ ಕಡೆ ಈಗ ಯುಪಿವಿಸಿ (ಗಟ್ಟಿ ಪಿವಿಸಿ ಪ್ಲಾಸ್ಟಿಕ್) ಕಿಟಕಿಯ ರೇಟು ವಿಚಾರಿಸದವರು ಕಡಿಮೆ. ಕಾರಣ ಎಲ್ಲರಿಗೂ ಗೊತ್ತಿರುವುದೇ. ಒಳ್ಳೆ ಮರ ಸಿಗುವುದಿಲ್ಲ, ಸಿಕ್ಕರೂ ಕೈಗೆಟುಕುವುದಿಲ್ಲ. ಒರಲೆ ಹಿಡಿಯುವ ಭಯ ಬೇರೆ. ಜೂನ್ ಬಂತೆಂದರೆ ಮರದ ಕದ ಉಬ್ಬಿ ಚೌಕಟ್ಟಿಗೆ ಕಚ್ಚಿಕೊಳ್ಳುತ್ತದೆ, ಮಳೆಗಾಲ ಮುಗಿಯುವವರೆಗೆ ಭುಜ ಕೊಟ್ಟು ನೂಕಬೇಕು. ಪ್ಲಾಸ್ಟಿಕ್‌ಗೆ ಈ ಕಾಟ ಯಾವುದೂ ಇಲ್ಲ.

ಆದರೆ ಹಾಕಿಸುವವರು ತಲೆ ಕೆಡಿಸಿಕೊಳ್ಳುವುದು ಚದರಡಿಗೆ ಎಷ್ಟು, ಗಾಜು ಎಷ್ಟು ದಪ್ಪ ಅನ್ನುವುದಕ್ಕೆ ಮಾತ್ರ. ಮೇಲ್ಮೈ ಹೇಗಿರಬೇಕು ಅನ್ನುವ ಮಾತು ಕೊನೆಗೆ ಬರುತ್ತದೆ. ಅಂಗಡಿಯವರು ಕ್ಯಾಟಲಾಗ್ ಬಿಚ್ಚುತ್ತಾರೆ, ಮನೆಯವರೆಲ್ಲ ಸೇರಿ ಒಂದು ಮರದ ಬಣ್ಣಕ್ಕೆ ಬೆರಳಿಡುತ್ತಾರೆ, ಇಡೀ ಮನೆಗೆ ಅದೇ ಆರ್ಡರ್ ಆಗುತ್ತದೆ. ನನಗೆ ಈ ಕ್ರಮ ಸರಿ ಕಾಣುವುದಿಲ್ಲ. ಬಿಸಿಲು ಒಂದು ಗೋಡೆಗೆ ಬಡಿಯುತ್ತದೆ, ಮಳೆ ಇನ್ನೊಂದಕ್ಕೆ. ಕೆಲವು ಕಿಟಕಿಗಳಿಗೆ ಎರಡೂ ತಾಗುವುದಿಲ್ಲ. ಹಾಗಾಗಿ ಫಿನಿಶ್ ಅನ್ನು ಗೋಡೆ ನೋಡಿ ಆರಿಸಬೇಕು. ಹೇಗೆ ಅನ್ನುವುದನ್ನು ಒಂದೊಂದಾಗಿ ನೋಡೋಣ.

ಮೊದಲು ಮನೆ ಸುತ್ತ ಒಂದು ಸುತ್ತು

ಅಂಗಡಿಗೆ ಹೋಗುವ ಮೊದಲು ಒಂದು ಹಾಳೆಯ ಮೇಲೆ ಮನೆಯ ನಕ್ಷೆ ಗೀಚಿಕೊಳ್ಳಿ. ಚಂದ ಇರಬೇಕಾಗಿಲ್ಲ. ನಾಲ್ಕು ದಿಕ್ಕು, ಕಿಟಕಿ ಎಲ್ಲೆಲ್ಲಿವೆ, ಬಾಗಿಲು ಎಲ್ಲೆಲ್ಲಿವೆ, ಇಷ್ಟು ಸಾಕು. ಪ್ರತಿ ಕಿಟಕಿಯ ಪಕ್ಕ ಮೂರು ವಿಷಯ ಬರೆಯಿರಿ: ಮಧ್ಯಾಹ್ನ ಮೂರರ ಮೇಲೆ ಬಿಸಿಲು ಬೀಳುತ್ತದಾ, ಮಳೆಯ ಇರಚಲು ಹೊಡೆಯುತ್ತದಾ, ಮೇಲೆ ಸಜ್ಜಾ ಅಥವಾ ಮಾಡಿನ ಇಳಿಜಾರು ಎಷ್ಟು ಮುಂದೆ ಬಂದಿದೆ.

ಪಶ್ಚಿಮದ ಗೋಡೆಯೇ ಎಲ್ಲಕ್ಕಿಂತ ತಾಪತ್ರಯದ್ದು. ದಕ್ಷಿಣದ ಕಿಟಕಿಗೆ ಬೇಸಿಗೆಯಲ್ಲಿ ಸೂರ್ಯ ನೆತ್ತಿಯ ಮೇಲಿರುತ್ತಾನೆ, ಎರಡಡಿ ಸಜ್ಜಾ ಇದ್ದರೂ ನೆರಳು ಸಿಗುತ್ತದೆ. ಸಂಜೆಯ ಬಿಸಿಲು ಹಾಗಲ್ಲ. ಸಜ್ಜಾದ ಕೆಳಗೆ ನುಗ್ಗಿ ನೇರ ಚೌಕಟ್ಟಿಗೇ ಬಡಿಯುತ್ತದೆ. ಜೂನ್ ನಂತರ ಗಾಳಿ ಮಳೆ ಬರುವುದೂ ಪಶ್ಚಿಮ, ನೈಋತ್ಯದ ಕಡೆಯಿಂದಲೇ. ಅಂದರೆ ಮಾರ್ಚ್‌ನಿಂದ ಮೇವರೆಗೆ ಕಾಯುವ ಗೋಡೆಯೇ ಆಮೇಲೆ ನಾಲ್ಕು ತಿಂಗಳು ನೆನೆಯುತ್ತದೆ.

ಊರು ಯಾವುದು ಅನ್ನುವುದೂ ಲೆಕ್ಕಕ್ಕೆ ಬರುತ್ತದೆ. ಆಗುಂಬೆಯಲ್ಲಿ ವರ್ಷಕ್ಕೆ 7000 ಮಿ.ಮೀ. ಆಸುಪಾಸು ಮಳೆ. ಅಲ್ಲಿಂದ ನೂರು ಕಿಲೋಮೀಟರ್ ಒಳಗೇ ಇರುವ ಶಿವಮೊಗ್ಗ ಪೇಟೆಯಲ್ಲಿ ಅದರ ಕಾಲು ಭಾಗವೂ ಬೀಳುವುದಿಲ್ಲ. ಶಿವಮೊಗ್ಗ, ಭದ್ರಾವತಿ, ಶಿಕಾರಿಪುರದ ಕಡೆಯವರು ಬಿಸಿಲು ಮತ್ತು ಧೂಳನ್ನು ಮುಂದಿಟ್ಟು ಯೋಚಿಸಬೇಕು. ತೀರ್ಥಹಳ್ಳಿ, ಹೊಸನಗರದ ಕಡೆಯವರು ಪಾಚಿ, ಬೂಷ್ಟು, ಕೆಮ್ಮಣ್ಣಿನ ಸಿಡಿತವನ್ನು. ಸಾಗರ, ಸೊರಬದವರಿಗೆ ಎರಡೂ ಸ್ವಲ್ಪ ಸ್ವಲ್ಪ.

ಅಂಗಡಿಯಲ್ಲಿ ಸಿಗುವುದು ಏನೇನು

ಬಿಳಿ. ಇದಕ್ಕೆ ಮೇಲೆ ಬಳಿದ ಬಣ್ಣ ಅಂತ ಏನೂ ಇಲ್ಲ. ಪ್ರೊಫೈಲ್, ಅಂದರೆ ಚೌಕಟ್ಟು ಮಾಡುವ ಟೊಳ್ಳು ಪಟ್ಟಿ, ಒಳಗಿನಿಂದ ಹೊರಗಿನವರೆಗೂ ಬಿಳಿಯೇ. ಬಿಳಿ ಕೊಡುವ, ಬಿಸಿಲು ತಡೆಯುವ ಪುಡಿಯೆಂದರೆ ಟೈಟಾನಿಯಂ ಡೈಆಕ್ಸೈಡ್. ಅದು ದುಬಾರಿ. ಅಗ್ಗದ ಮಾಲಿನಲ್ಲಿ ಅದನ್ನು ಕಡಿಮೆ ಮಾಡಿ ಸುಣ್ಣಕಲ್ಲಿನ ಪುಡಿ ಜಾಸ್ತಿ ಸೇರಿಸುತ್ತಾರೆ. ಅಂಥದ್ದು ಕೆಲವೇ ವರ್ಷದಲ್ಲಿ ಹಳದಿಗೆ ತಿರುಗುತ್ತದೆ, ಬೆರಳಾಡಿಸಿದರೆ ಬಿಳಿ ಪುಡಿ ಹತ್ತುತ್ತದೆ. ಒಳ್ಳೆ ಬಿಳಿಯದು ಗೀರು ಬಿದ್ದರೂ ಗೊತ್ತಾಗುವುದಿಲ್ಲ. ಬೆಲೆಯೂ ಎಲ್ಲಕ್ಕಿಂತ ಕಡಿಮೆ.

ಫಾಯಿಲ್ ಹಚ್ಚಿದ್ದು. ಅಂಗಡಿಯವರು ಲ್ಯಾಮಿನೇಷನ್ ಅನ್ನುವುದು ಇದಕ್ಕೇ. ಸಾಗುವಾನಿ, ಗೋಲ್ಡನ್ ಓಕ್, ವಾಲ್ನಟ್, ಮಹಾಗನಿ ಎಂದು ತೋರಿಸುವ ಮರದ ಬಣ್ಣಗಳೆಲ್ಲ ಸಾಮಾನ್ಯವಾಗಿ ಇದೇ ಜಾತಿ. ಮಿಲಿಮೀಟರಿನ ಐದನೇ ಒಂದು ಭಾಗದಷ್ಟೋ, ಅದಕ್ಕಿಂತ ತೆಳುವೋ ಇರುವ ಹಾಳೆಯನ್ನು ಬಿಸಿ ಅಂಟು ಹಾಕಿ, ರೋಲರ್‌ಗಳಿಂದ ಒತ್ತಿ ಪ್ರೊಫೈಲ್‌ಗೆ ಕೂರಿಸಿರುತ್ತಾರೆ. ಹಾಳೆಯಲ್ಲೂ ಪದರಗಳಿವೆ: ಕೆಳಗೆ ಬಣ್ಣದ ಪಿವಿಸಿ, ಅದರ ಮೇಲೆ ಮರದ ಗೆರೆಯ ಅಚ್ಚು, ಎಲ್ಲಕ್ಕಿಂತ ಮೇಲೆ ಪಾರದರ್ಶಕ ಅಕ್ರಿಲಿಕ್. ಬಿಸಿಲಿಗೆ ಎದೆಯೊಡ್ಡುವುದು ಆ ಮೇಲಿನ ಪದರ. ಒಳಮನೆಗೆಂದು ಮಾಡಿದ ಅಗ್ಗದ ಫಾಯಿಲ್‌ನಲ್ಲಿ ಈ ಪದರವೇ ಇರುವುದಿಲ್ಲ. ಹೊರಗೆ ಹಾಕಿದರೆ ಬಣ್ಣ ಹೋಗುತ್ತದೆ. ಕೆಲವು ಮೇಲ್ದರ್ಜೆ ಫಾಯಿಲ್‌ಗಳಲ್ಲಿ ಅಕ್ರಿಲಿಕ್ ಮೇಲೆ ಪಿವಿಡಿಎಫ್ ಎಂಬ ಇನ್ನೊಂದು ಪ್ಲಾಸ್ಟಿಕ್ಕಿನ ಪದರವೂ ಇರುತ್ತದೆ. ಅದಕ್ಕೆ ಕೊಳೆ ಹತ್ತುವುದು ಕಡಿಮೆ, ಬಾಳಿಕೆಯೂ ಜಾಸ್ತಿ.

ಬಣ್ಣದ ಪದರವನ್ನು ಪ್ರೊಫೈಲ್ ಜೊತೆಗೇ ಅಚ್ಚಿನಿಂದ ಹೊರತಳ್ಳಿ ಮಾಡಿದ್ದು ಇನ್ನೊಂದು ಬಗೆ. ಕೋ-ಎಕ್ಸ್‌ಟ್ರೂಷನ್ ಅನ್ನುತ್ತಾರೆ. ಅಕ್ರಿಲಿಕ್ ಪದರ ಕರಗಿದ ಸ್ಥಿತಿಯಲ್ಲೇ ಪಿವಿಸಿಗೆ ಬೆಸೆದುಕೊಂಡಿರುವುದರಿಂದ ಏಳುವ ಮಾತಿಲ್ಲ, ಫಾಯಿಲ್‌ಗಿಂತ ದಪ್ಪ ಬೇರೆ. ಮರದ ಗೆರೆ ಮಾತ್ರ ಬೇಕೆಂದರೆ ಸಿಗುವುದಿಲ್ಲ, ಬೂದು, ಕಂದು ಥರದ ಒಂದೇ ಬಣ್ಣ. ನಮ್ಮ ಪೇಟೆಗಳಲ್ಲಿ ಹುಡುಕಬೇಕಾಗುತ್ತದೆ.

ಇನ್ನು ಫ್ಯಾಕ್ಟರಿಯಲ್ಲಿ ಸ್ಪ್ರೇ ಮಾಡಿದ ಬಣ್ಣ. ಬೇಕಾದ ಶೇಡ್ ಸಿಗುತ್ತದೆ, ಗೀರು ಬಿದ್ದರೆ ಮತ್ತೆ ಬಳಿಯಬಹುದು. ಇದನ್ನು ನಿಮ್ಮ ಮನೆಗೆ ಬರುವ ಪೇಂಟರ್ ಬ್ರಶ್ ಹಿಡಿದು ಮಾಡುವ ಕೆಲಸದ ಜೊತೆ ಹೋಲಿಸಬೇಡಿ. ಮಾಮೂಲಿ ಎನಾಮಲ್ ಪೇಂಟ್ ಯುಪಿವಿಸಿ ಮೇಲೆ ಹಿಡಿಯುವುದಿಲ್ಲ, ಒಂದು ಮಳೆಗಾಲ ಕಳೆಯುವಷ್ಟರಲ್ಲಿ ಸಿಪ್ಪೆ ಏಳುತ್ತದೆ.

ಗಾಢ ಬಣ್ಣದ ಆಸೆ ಇದ್ದವರಿಗೆ

ಈಗಿನ ಫ್ಯಾಷನ್ ಆಂಥ್ರಸೈಟ್ ಗ್ರೇ, ಅಂದರೆ ಇದ್ದಿಲು ಬೂದು. ಬಣ್ಣದ ಪಟ್ಟಿಯಲ್ಲಿ ಇದರ ನಂಬರ್ ಆರ್‌ಎಎಲ್ 7016. ಫೋಟೋದಲ್ಲಿ ಬಹಳ ಚಂದ ಕಾಣುತ್ತದೆ, ಬಿಳಿ ಗೋಡೆಗೆ ಒಪ್ಪುತ್ತದೆ, ಒಪ್ಪಿಕೊಳ್ಳೋಣ. ಆದರೆ ಬಿಸಿಲಿಗೆ ಬಿದ್ದಾಗ ಅದರ ಕಥೆಯೇ ಬೇರೆ.

ಪಿವಿಸಿ ಬಿಸಿಗೆ ಹಿಗ್ಗುವ ವಸ್ತು. ಗಟ್ಟಿತನಕ್ಕೆಂದು ಒಳಗೆ ತೂರಿಸುವ ಕಬ್ಬಿಣದ ಪಟ್ಟಿಗಿಂತ ಸುಮಾರು ಆರು ಪಟ್ಟು ಜಾಸ್ತಿ ಹಿಗ್ಗುತ್ತದೆ. ಕಿಟಕಿ ಕೂರಿಸುವವರ ಲೆಕ್ಕದಲ್ಲಿ ಬಿಳಿ ಪ್ರೊಫೈಲ್‌ಗೆ ಮೀಟರಿಗೆ 1.6 ಮಿ.ಮೀ., ಬಣ್ಣದ್ದಕ್ಕೆ 2.4 ಮಿ.ಮೀ. ಹಿಗ್ಗಲು ಜಾಗ ಬಿಡಬೇಕು. ಎಂಟಡಿ ಎತ್ತರದ ಬಾಲ್ಕನಿ ಬಾಗಿಲಿಗೆ ಲೆಕ್ಕ ಹಾಕಿ. ಬಿಳಿಯದಾದರೆ 4 ಮಿ.ಮೀ. ಹತ್ತಿರ, ಗಾಢ ಬಣ್ಣದ್ದಾದರೆ 6 ಮಿ.ಮೀ. ಹತ್ತಿರ. ಎರಡು ಮಿಲಿಮೀಟರ್ ತಾನೇ ಅನಿಸಬಹುದು. ಸಂಜೆ ನಾಲ್ಕಕ್ಕೆ ಲಾಕ್ ಕೂರದೆ ಹೋಗುವುದಕ್ಕೆ ಅಷ್ಟೇ ಸಾಕು. ಇನ್ನೊಂದು ತೊಂದರೆ, ಹೊರಮೈ ಕಾದು ಒಳಮೈ ತಣ್ಣಗಿದ್ದಾಗ ಉದ್ದದ ಪಟ್ಟಿ ಬಿಲ್ಲಿನಂತೆ ಬಾಗುತ್ತದೆ. ಬಾಗಿದ ಕದ ಸಂದು ಮುಚ್ಚುವ ರಬ್ಬರ್ ಪಟ್ಟಿಗೆ, ಅಂದರೆ ಗ್ಯಾಸ್ಕೆಟ್‌ಗೆ ಸರಿಯಾಗಿ ಒತ್ತುವುದಿಲ್ಲ, ಮಳೆಗಾಲದಲ್ಲಿ ಅದೇ ಸಂದಿನಿಂದ ನೀರು ಒಳಗೆ ಬರುತ್ತದೆ.

ಪಿವಿಸಿ ಮೆತ್ತಗಾಗುವುದು ಸುಮಾರು 75ರಿಂದ 80 ಡಿಗ್ರಿಯಲ್ಲಿ. ಬಿರುಬಿಸಿಲಿನಲ್ಲಿ ಕಡುಬಣ್ಣದ ಮೇಲ್ಮೈ ಆ ಮಟ್ಟದ ಹತ್ತಿರ ಹತ್ತಿರ ಹೋಗುತ್ತದೆ. ಬಿಳಿಯದು ಅದರಿಂದ ದೂರವೇ ಉಳಿಯುತ್ತದೆ.

ಹಾಗಂತ ಗಾಢ ಬಣ್ಣ ಬೇಡವೇ ಬೇಡ ಅನ್ನುವುದಿಲ್ಲ. ಉತ್ತರದ ಗೋಡೆಗೆ ಹಾಕಿ. ಮೂರು, ನಾಲ್ಕು ಅಡಿ ಮಾಡು ಇಳಿಬಿಟ್ಟ ಹೆಂಚಿನ ಮನೆಗೆ ಎಲ್ಲ ಕಡೆಯೂ ಹಾಕಬಹುದು, ಜಗುಲಿಯ ಒಳಗಿನ ಕಿಟಕಿಗೆ ಬಿಸಿಲೇ ತಾಗುವುದಿಲ್ಲ. ತೊಂದರೆ ಇರುವುದು ಸಜ್ಜಾ ಇಲ್ಲದೆ ಡಬ್ಬದಂತೆ ಕಟ್ಟಿದ ಆರ್‌ಸಿಸಿ ಮನೆಗಳ ಪಶ್ಚಿಮದ ಗೋಡೆಗೆ. ಅಲ್ಲೂ ಗಾಢ ಬಣ್ಣವೇ ಬೇಕೆಂದರೆ ಮೂರು ಷರತ್ತು ಹಾಕಿ: ಶಾಖ ಹಿಂದಕ್ಕೆ ಹೊಡೆಯುವ ಜಾತಿಯ ಫಾಯಿಲ್ ಇರಬೇಕು, ಪ್ರತಿ ಪ್ರೊಫೈಲ್ ಒಳಗೂ ಉದ್ದಕ್ಕೂ ಕಬ್ಬಿಣದ ಪಟ್ಟಿ ಇರಬೇಕು, ಒಂದೇ ಕದ ಅತಿ ದೊಡ್ಡದಾಗಿ ಇರಬಾರದು. ಬಿಳಿ ಪ್ರೊಫೈಲ್‌ನ ಸಣ್ಣ ಕಿಟಕಿಗೆ ಕೆಲವರು ಕಬ್ಬಿಣ ಉಳಿಸುತ್ತಾರೆ. ಬಣ್ಣದ್ದಕ್ಕೆ ಆ ಉಳಿತಾಯ ಬೇಡ.

ಯುರೋಪಿನ ಮಾನದಂಡ ಇಎನ್ 12608ರಲ್ಲಿ ಹವೆಯನ್ನೇ ಎರಡು ಭಾಗ ಮಾಡಿದ್ದಾರೆ: ಸಾಧಾರಣ ಬಿಸಿಲಿಗೆ ಎಂ, ತೀವ್ರ ಬಿಸಿಲಿಗೆ ಎಸ್. ನಮ್ಮದು ಎಸ್ ಗುಂಪು. ಪ್ರೊಫೈಲ್ ಎಸ್ ವರ್ಗದ್ದಾ ಅಂತ ಕೇಳಿ. ಗೋಡೆಯ ದಪ್ಪವನ್ನೂ ಅದೇ ಮಾನದಂಡದಲ್ಲಿ ಹೇಳಿದ್ದಾರೆ. ಹೊರಗೆ ಕಾಣುವ ಮುಖ ಎ ವರ್ಗಕ್ಕೆ 2.8 ಮಿ.ಮೀ., ಬಿ ವರ್ಗಕ್ಕೆ 2.5 ಮಿ.ಮೀ. ಇರಬೇಕು. ನಮ್ಮ ದೇಶದ್ದೇ ಆದ ಐಎಸ್ 17953 ಕೂಡ 2023ರಲ್ಲಿ ಬಂದಿದೆ. ಮಾರುವವರು ಈ ನಂಬರ್ ಕೇಳಿ ಮುಖ ಮುಖ ನೋಡಿದರೆ ನಿಮಗೆ ಅರ್ಧ ಉತ್ತರ ಸಿಕ್ಕಂತೆ.

ಒಳಗೊಂದು, ಹೊರಗೊಂದು

ಫಾಯಿಲ್ ಅನ್ನು ಎರಡೂ ಮುಖಕ್ಕೆ ಹಾಕಿಸಬೇಕು ಅಂತೇನಿಲ್ಲ. ಒಂದು ಮುಖ ಮರದ ಬಣ್ಣ, ಇನ್ನೊಂದು ಬಿಳಿ ಮಾಡಿಸಿದರೆ ಖರ್ಚು ಕಡಿಮೆ. ಪಶ್ಚಿಮದ ಕಿಟಕಿಗೆ ನನ್ನ ಸಲಹೆ, ಹೊರಗೆ ಬಿಳಿ, ಒಳಗೆ ಮರದ ಬಣ್ಣ. ಬಿಸಿಲು ಬಿಳಿಗೆ ಬೀಳುತ್ತದೆ, ನೀವು ಕೂತು ನೋಡುವುದು ಮರದ ಗೆರೆಯನ್ನು. ಒಳಗಿನ ಫಾಯಿಲ್ ಮಾಸುವುದೂ ನಿಧಾನ.

ಜನ ಸಾಮಾನ್ಯವಾಗಿ ಇದರ ಉಲ್ಟಾ ಮಾಡಿಸುತ್ತಾರೆ. ರಸ್ತೆಯಲ್ಲಿ ಹೋಗುವವರಿಗೆ ಮರದ್ದು ಕಾಣಲಿ, ಒಳಗೆ ಹೇಗಿದ್ದರೂ ನಡೆಯುತ್ತದೆ ಅಂತ. ಮುಂಬಾಗಿಲ ಪಕ್ಕದ, ಜಗುಲಿಯ ನೆರಳಿನಲ್ಲಿರುವ ಕಿಟಕಿಗೆ ಹಾಗೆ ಮಾಡಿದರೆ ಅಡ್ಡಿಯಿಲ್ಲ.

ಹಳೆ ಮನೆಗೆ ಹೊಸ ಕಿಟಕಿ ಸೇರಿಸುವವರು ಮಾತ್ರ ಸ್ವಲ್ಪ ತಾಳಿ. ನಿಮ್ಮ ಮನೆಯ ಹಳೆ ಬಾಗಿಲು ಹಲಸಿನದೋ, ಬೀಟೆಯದೋ, ಸಾಗುವಾನಿಯದೋ ಇರುತ್ತದೆ. ಎಣ್ಣೆ ಕುಡಿದು, ಹೊಗೆ ಕುಡಿದು ಅದರ ಬಣ್ಣ ಕಪ್ಪಾಗಿರುತ್ತದೆ. ಗೋಲ್ಡನ್ ಓಕ್ ಅದರ ಪಕ್ಕ ಕಿತ್ತಳೆ ಕಿತ್ತಳೆಯಾಗಿ ಎದ್ದು ಕಾಣುತ್ತದೆ. ಹಳೆ ಬೀಟೆಗೆ ವಾಲ್ನಟ್ ಸ್ವಲ್ಪ ಹತ್ತಿರ ಬರುತ್ತದೆ. ಯಾವುದೂ ಹೊಂದದಿದ್ದರೆ ನಕಲಿ ಮರದ ಗೋಜಿಗೇ ಹೋಗಬೇಡಿ. ಬಿಳಿಯೋ, ತಿಳಿ ಬೂದಿಯೋ ಹಾಕಿ, ಮರ ಮರವಾಗಿ ಕಾಣಲಿ, ಪ್ಲಾಸ್ಟಿಕ್ ಪ್ಲಾಸ್ಟಿಕ್ ಆಗಿ ಕಾಣಲಿ.

ಕಟ್ ಪೀಸ್ ಕೇಳಿ, ಮನೆಗೆ ತನ್ನಿ

ಕ್ಯಾಟಲಾಗ್‌ನ ಎರಡಿಂಚಿನ ಚೌಕ ನೋಡಿ ಬಣ್ಣ ಆರಿಸುವುದು ಸುಮ್ನೆ ಕಣ್ಣುಮುಚ್ಚಾಲೆ. ಕಿಟಕಿ ಮಾಡುವ ವರ್ಕ್‌ಶಾಪ್‌ನಲ್ಲಿ ಕತ್ತರಿಸಿ ಉಳಿದ ತುಂಡುಗಳು ರಾಶಿ ಬಿದ್ದಿರುತ್ತವೆ. "ಅಣ್ಣಾ, ಈ ಬಣ್ಣದ್ದು ಒಂದಡಿ ಕಟ್ ಪೀಸ್ ಕೊಡಿ, ಹಾಗೇ ಬೆಸುಗೆ ಹಾಕಿದ ಒಂದು ಮೂಲೆ ಇದ್ರೆ ಅದನ್ನೂ ಕೊಡಿ" ಅಂತ ಕೇಳಿ. ಕೊಡುವುದಕ್ಕೆ ಯಾರೂ ಹಿಂದೆಮುಂದೆ ನೋಡುವುದಿಲ್ಲ. ನೋಡಿದರೆ ಬೇರೆ ಅಂಗಡಿ ಹುಡುಕಿ.

ತುಂಡನ್ನು ಕೈಗೆ ತೆಗೆದುಕೊಂಡು ಮೊದಲು ಕತ್ತರಿಸಿದ ಬಾಯಿ ನೋಡಿ. ಒಳಗಿನ ಪ್ಲಾಸ್ಟಿಕ್ ಯಾವ ಬಣ್ಣ? ಫಾಯಿಲ್ ಕಂದು, ಒಳಗೆ ಬಿಳಿ ಇದ್ದರೆ ಮುಂದೆ ಆಳದ ಗೀರು ಬಿದ್ದಾಗೆಲ್ಲ ಬಿಳಿ ಗೆರೆ ಕಾಣುತ್ತದೆ. ಒಳಗೂ ಕಂದೋ ಕ್ಯಾರಮೆಲ್ ಬಣ್ಣವೋ ಇದ್ದರೆ ಗೀರು ಮುಚ್ಚಿಹೋಗುತ್ತದೆ. ಎರಡೂ ಮುಖಕ್ಕೆ ಗಾಢ ಫಾಯಿಲ್ ಹಾಕಿಸುವವರು ಕಂದು ಒಡಲಿನದ್ದನ್ನೇ ಕೇಳುವುದು ಒಳ್ಳೆಯದು.

ಆಮೇಲೆ ಫಾಯಿಲ್ ಎಲ್ಲಿ ಮುಗಿಯುತ್ತದೆ ಅಂತ ನೋಡಿ. ಅಂಗಡಿಯಲ್ಲಿ ನಿಲ್ಲಿಸಿದ ಕಿಟಕಿ ಯಾವಾಗಲೂ ಮುಚ್ಚಿರುತ್ತದೆ. ಅದನ್ನು ತೆರೆಯಿರಿ. ಕದದ ದಪ್ಪದ ಬದಿ, ಚೌಕಟ್ಟಿನ ಒಳ ಮೆಟ್ಟಿಲು, ಇವೆಲ್ಲ ಬೆಳ್ಳಗೆ ಕಾಣುತ್ತವಾ? ಗಾಳಿಗೆಂದು ದಿನವಿಡೀ ತೆರೆದಿಡುವ ಕಿಟಕಿಯಲ್ಲಿ ನಿಮ್ಮ ಕಣ್ಣಿಗೆ ಬೀಳುವುದು ಆ ಬಿಳಿ ಪಟ್ಟಿಯೇ. ಸ್ಲೈಡಿಂಗ್‌ನಲ್ಲಿ ಅಷ್ಟು ಗೊತ್ತಾಗುವುದಿಲ್ಲ, ಹೊರಗೆ ತೆರೆಯುವ ಕದಗಳಲ್ಲಿ ಎದ್ದು ಕಾಣುತ್ತದೆ.

ಮೂಲೆ ಬಹಳ ಮುಖ್ಯ. ಯುಪಿವಿಸಿಯ ನಾಲ್ಕೂ ಮೂಲೆಗಳನ್ನು ಸುಮಾರು 250 ಡಿಗ್ರಿಗೆ ಕಾಯಿಸಿ ಒಂದಕ್ಕೊಂದು ಒತ್ತಿ ಬೆಸೆಯುತ್ತಾರೆ. ಆಗ ಕರಗಿ ಉಬ್ಬಿದ ಪ್ಲಾಸ್ಟಿಕ್ಕನ್ನು ಮೆಷಿನ್‌ನಲ್ಲಿ ಕೆರೆಯುತ್ತಾರೆ. ಕೆರೆದ ಜಾಗದಲ್ಲಿ ಮೂಲೆಗುಂಟ ಓರೆಯಾಗಿ ಒಂದು ಸಣ್ಣ ಕಾಲುವೆ ಉಳಿಯುತ್ತದೆ. ಬಿಳಿಯಲ್ಲಿ ಅದು ಕಾಣುವುದೇ ಇಲ್ಲ. ಫಾಯಿಲ್ ಹಚ್ಚಿದ್ದರಲ್ಲಿ ಅಲ್ಲಿ ಫಾಯಿಲ್ ಹೋಗಿ ಒಡಲು ಬಯಲಾಗುತ್ತದೆ. ಅದನ್ನು ಅದೇ ಬಣ್ಣದ ಪೆನ್ನಿನಿಂದ ತುಂಬುತ್ತಾರೆ. ಕೈ ಪಳಗಿದವನ ಕೆಲಸವಾದರೆ ತೆಳುವಾದ ನೇರ ಗೆರೆ. ಇಲ್ಲದಿದ್ದರೆ ಕಾಡಿಗೆ ಹರಡಿದಂತೆ ಅಕ್ಕಪಕ್ಕಕ್ಕೂ ಬಣ್ಣ ಮೆತ್ತಿಕೊಂಡಿರುತ್ತದೆ. ಆ ಗೆರೆಯ ಎರಡೂ ಬದಿಯ ಫಾಯಿಲ್ ಅಂಚನ್ನು ಉಗುರಿನಿಂದ ಕೆದಕಿ ನೋಡಿ. ಸ್ವಲ್ಪವಾದರೂ ಎದ್ದರೆ ನಮ್ಮ ಮಳೆಗೆ ಅದು ಆಗುವುದಿಲ್ಲ. ನೀರು ನುಗ್ಗುವುದು ಅಲ್ಲಿಂದಲೇ.

ಮನೆಗೆ ತಂದ ತುಂಡನ್ನು ಒಂದು ರಾತ್ರಿ ಬಕೆಟ್ ನೀರಿನಲ್ಲಿ ಮುಳುಗಿಸಿಡಿ, ಮರುದಿನ ತಾರಸಿಯ ಬಿಸಿಲಿಗೆ ಹಾಕಿ. ಹೀಗೆ ನಾಲ್ಕಾರು ದಿನ ಮಾಡಿ. ಇದು ಲ್ಯಾಬ್ ಪರೀಕ್ಷೆ ಅಲ್ಲ, ಬಣ್ಣ ಹತ್ತು ವರ್ಷ ನಿಲ್ಲುತ್ತದಾ ಅಂತ ಇದರಿಂದ ತಿಳಿಯುವುದಿಲ್ಲ. ಅಂಟು ತೀರಾ ಕಳಪೆಯಾಗಿದ್ದರೆ ಮಾತ್ರ ಅಂಚು ಏಳುವುದು ಗೊತ್ತಾಗುತ್ತದೆ. ಕೊನೆಗೆ ತುಂಡನ್ನು ಹಾಕಬೇಕಾದ ಗೋಡೆಗೇ ಒರಗಿಸಿ ಬೆಳಿಗ್ಗೆ ಒಮ್ಮೆ, ಸಂಜೆ ಒಮ್ಮೆ ನೋಡಿ. ಅಂಗಡಿಯ ಟ್ಯೂಬ್‌ಲೈಟ್ ಕೆಳಗೆ ಕಂಡ ಬಣ್ಣವೇ ಬೇರೆ, ಮೋಡ ಕವಿದ ಜುಲೈ ಬೆಳಕಿನಲ್ಲಿ ಕಾಣುವುದೇ ಬೇರೆ.

ನುಣುಪೋ, ಒರಟೋ

ಮರದ ಗೆರೆಯನ್ನು ಬರೀ ಅಚ್ಚು ಹಾಕಿದ್ದೂ ಇದೆ, ಕೈಗೆ ಸಿಗುವಂತೆ ಒತ್ತಿದ್ದೂ ಇದೆ. ಒತ್ತಿದ್ದು ನಿಜವಾದ ಮರದಂತೆ ಕಾಣುತ್ತದೆ. ಆದರೆ ಆ ಸಣ್ಣ ಗೆರೆಗಳಲ್ಲಿ ಧೂಳು ಕೂರುತ್ತದೆ, ಧೂಳಿಗೆ ತೇವ ಸೇರಿದರೆ ಪಾಚಿ ಬರುತ್ತದೆ. ಪಾಚಿಗೂ ಬೂಷ್ಟಿಗೂ ಪಿವಿಸಿ ಆಹಾರ ಅಲ್ಲ. ಅವು ಬೆಳೆಯುವುದು ಮೇಲೆ ಕೂತ ಕೊಳೆ ಮತ್ತು ತೇವದಲ್ಲಿ. ತೀರ್ಥಹಳ್ಳಿ, ಹೊಸನಗರದ ಕಡೆ, ತೋಟದ ನೆರಳಿನಲ್ಲಿ ಸದಾ ಒದ್ದೆ ಇರುವ ಗೋಡೆಗೆ ನುಣುಪಾದದ್ದೇ ವಾಸಿ. ಬಟ್ಟೆಯಲ್ಲಿ ಒಮ್ಮೆ ಎಳೆದರೆ ಹೋಗುತ್ತದೆ. ತೀರಾ ಹೊಳೆಯುವ ನುಣುಪಿಗೆ ಗೀರು ಬೇಗ ಕಾಣುತ್ತದೆ ಅನ್ನುವುದೂ ನೆನಪಿರಲಿ. ಮಂಗಗಳು ಬಂದು ಹೋಗುವ ಮನೆಯಾದರೆ ಮ್ಯಾಟ್ ತೆಗೆದುಕೊಳ್ಳಿ, ಅವುಗಳ ಉಗುರಿಗೆ ವಾರಂಟಿ ಯಾರೂ ಕೊಡುವುದಿಲ್ಲ.

ನಮ್ಮ ಕಡೆಯದ್ದೇ ಕಲೆಗಳು

ಕಂಪನಿಯ ಕೈಪಿಡಿಯಲ್ಲಿ ಇವುಗಳ ಹೆಸರು ಇರುವುದಿಲ್ಲ.

ಅಡಿಕೆ ಚೊಗರು, ಅಂದರೆ ಅಡಿಕೆ ಬೇಯಿಸಿದ ಕೆಂಪು ನೀರು. ಸುಗ್ಗಿಯಲ್ಲಿ ಅಡಿಕೆ ಬೇಯಿಸುವ ಒಲೆ ಹಿತ್ತಿಲ ಬಾಗಿಲ ಹತ್ತಿರವೇ ಇದ್ದರೆ ಕೆಂಪು ಕಂದು ಹನಿಗಳು ಸಿಡಿಯುವುದು ತಪ್ಪುವುದಿಲ್ಲ. ನುಣುಪಾದ ಬಿಳಿ ಮೇಲ್ಮೈ ಮೇಲೆ ಬಿದ್ದದ್ದನ್ನು ಒಣಗುವ ಮೊದಲು ಒರೆಸಿದರೆ ಹೋಗುತ್ತದೆ. ಒತ್ತಿದ ಗೆರೆಗಳಲ್ಲಿ, ಮೂಲೆಯ ಬೆಸುಗೆಯ ಕಾಲುವೆಯಲ್ಲಿ, ತಿಳಿ ಬಣ್ಣದ ಗ್ಯಾಸ್ಕೆಟ್ ಮೇಲೆ ಕೂತದ್ದು ಜಪ್ಪಯ್ಯ ಅಂದರೂ ಬಿಡುವುದಿಲ್ಲ. ಚೊಗರಿನ ಕೆಲಸ ನಡೆಯುವ ಕಡೆಯ ಬಾಗಿಲಿಗೆ ನುಣುಪಾದ ಕಂದು ಬಣ್ಣ ಹಾಕಿ, ಅಲ್ಲಿ ಅದು ತೋರಿಕೆಗಲ್ಲ, ಉಪಯೋಗಕ್ಕೆ. ಹಿತ್ತಿಲ ಬಾಗಿಲು ನೆರಳಿನಲ್ಲಿದ್ದರೆ ಬಿಸಿಯ ಚಿಂತೆಯೂ ಇಲ್ಲ. ಆದರೆ ಒಲೆ ಚೌಕಟ್ಟಿನಿಂದ ದೂರ ಇರಲಿ. ಬಚ್ಚಲ ಹಂಡೆಯ ಒಲೆಗೂ ಇದೇ ಮಾತು. ಬೆಂಕಿಯ ಝಳ ಪಕ್ಕದಲ್ಲೇ ಇದ್ದರೆ ಯಾವ ಬಣ್ಣದ ಪಿವಿಸಿಯೂ ಸೊಟ್ಟಗಾಗುತ್ತದೆ.

ಬೋರ್ಡೋ ದ್ರಾವಣ. ಕೊಳೆರೋಗಕ್ಕೆ ಮಳೆ ಹಿಡಿಯುವ ಮೊದಲು ಮೈಲುತುತ್ತ ಮತ್ತು ಸುಣ್ಣ ಬೆರೆಸಿ ಹೊಡೆಯುತ್ತಾರಲ್ಲ, ತೋಟ ಮನೆಗೆ ತಾಗಿಕೊಂಡಿದ್ದರೆ ಗಾಳಿಗೆ ತೇಲಿ ಬಂದು ಕಿಟಕಿಗೂ ಕೂರುತ್ತದೆ. ಎಲೆಗೆ ಅಂಟಿ ನಿಲ್ಲಲೆಂದೇ ಮಾಡಿದ ಔಷಧಿ ಅದು, ಕಿಟಕಿಯನ್ನು ಬಿಡುತ್ತದಾ? ಕಡು ಬೂದು ಬಣ್ಣದ ಮೇಲೆ ತಿಳಿ ನೀಲಿ ಚುಕ್ಕೆ ಬಹಳ ಅಸಹ್ಯವಾಗಿ ಕಾಣುತ್ತದೆ, ಬಿಳಿಯ ಮೇಲೆ ಅಷ್ಟಿಲ್ಲ. ಔಷಧಿ ಹೊಡೆಯುವ ದಿನ ತೋಟದ ಕಡೆಯ ಕಿಟಕಿ ಮುಚ್ಚಿ, ಸಂಜೆಯೇ ಪೈಪಿನಲ್ಲಿ ನೀರು ಬಿಟ್ಟು ತೊಳೆಯಿರಿ. ಔಷಧಿ ಹೊಡೆಯುವ ಕೊನೆಗಾರ ಬರುವ ಹಿಂದಿನ ದಿನ ಹಳೆ ಸೀರೆಯೋ, ಟಾರ್ಪಾಲೋ ಇಳಿಬಿಟ್ಟರೆ ಇನ್ನೂ ಒಳ್ಳೆಯದು.

ಕೆಮ್ಮಣ್ಣು. ಅಂಗಳದ ಮಳೆನೀರು ಸಿಡಿದು ಬಾಗಿಲಿನ ಕೆಳಗಿನ ಎರಡಡಿ ಕೆಂಪಾಗುತ್ತದೆ. ಬಿಳಿ ಬಾಗಿಲಿಗೆ ಇದೊಂದೇ ನಿಜವಾದ ಶತ್ರು. ಅಂಗಳಕ್ಕೆ ಇಳಿಯುವ ಬಾಗಿಲಿಗೆ ಬಿಳಿ ಬೇಡ. ಮೇಲ್ಮಹಡಿಯಲ್ಲಿ ಈ ತಲೆನೋವೇ ಇಲ್ಲ.

ಬೋರ್‌ವೆಲ್ ನೀರಿನಲ್ಲಿ ಕಬ್ಬಿಣದ ಅಂಶ ಇರುವ ಮನೆಗಳಲ್ಲಿ ಬಚ್ಚಲ ಬಾಗಿಲಿನ ಬುಡ ತುಕ್ಕಿನ ಬಣ್ಣಕ್ಕೆ ತಿರುಗುತ್ತದೆ. ಅಲ್ಲಿ ತಿಳಿ ಕಂದು ಅಥವಾ ಐವರಿ ತೆಗೆದುಕೊಳ್ಳಿ. ಬಚ್ಚಲಿಗೆ ಬಳಸುವ ಹಗುರ ಪಿವಿಸಿ ಬಾಗಿಲೇ ಬೇರೆ, ಕಿಟಕಿಯ ಯುಪಿವಿಸಿಯೇ ಬೇರೆ ಅನ್ನುವುದನ್ನೂ ಇಲ್ಲೇ ಹೇಳಿಬಿಡುತ್ತೇನೆ. ಅದರ ಹೂವಿನ ಚಿತ್ರ, ಅಮೃತಶಿಲೆಯ ಚಿತ್ರ ಎಲ್ಲ ಒಳಾಂಗಣಕ್ಕೆ ಮಾತ್ರ. ಹಿತ್ತಿಲಿಗೆ ತೆರೆಯುವ ಬಚ್ಚಲಾದರೆ, ಬಿಸಿಲು ಬೀಳುವ ಕಡೆ, ಅದನ್ನು ಹಾಕಬೇಡಿ.

ಸಣ್ಣ ಸಾಮಾನಿನ ಬಣ್ಣ

ಫ್ರೇಮ್ ಚಂದ ಆರಿಸಿ ಇದರಲ್ಲಿ ಎಡವುವವರು ಜಾಸ್ತಿ. ಗಾಢ ಫಾಯಿಲ್‌ಗೆ ಗ್ಯಾಸ್ಕೆಟ್ ಕಪ್ಪು ಇರಲಿ. ಬಿಳಿಗೆ ಬೂದು ಸಾಕು, ಕಪ್ಪು ಗೆರೆ ಇಷ್ಟವಿದ್ದರೆ ಅದೂ ಚಂದವೇ. ಹಿಡಿ, ಹಿಂಜ್, ನೀರು ಹೊರಹೋಗುವ ತೂತಿನ ಮುಚ್ಚಳ, ಸೊಳ್ಳೆ ಜಾಲರಿಯ ಚೌಕಟ್ಟು, ಪ್ರತಿಯೊಂದರ ಬಣ್ಣವನ್ನೂ ಮೊದಲೇ ಕೇಳಿ. ವಾಲ್ನಟ್ ಕಿಟಕಿಗೆ ಬಿಳಿ ಜಾಲರಿ ಚೌಕಟ್ಟು ತಂದು ಸಿಕ್ಕಿಸಿದ ಮನೆಗಳು ಬೇಕಾದಷ್ಟಿವೆ. ಜಾಲರಿ ಬಲೆ ಮಾತ್ರ ಕಪ್ಪೇ ಇರಲಿ, ಹೊರಗಿನ ಹಸಿರು ಅದರಲ್ಲಿ ಚೆನ್ನಾಗಿ ಕಾಣುತ್ತದೆ.

ಗೋಡೆ ಮತ್ತು ಫ್ರೇಮಿನ ಸಂದಿಗೆ ತುಂಬುವ ಸಿಲಿಕಾನ್ ನ್ಯೂಟ್ರಲ್ ಜಾತಿಯದ್ದಾಗಿರಬೇಕು. ವಿನೆಗರ್ ವಾಸನೆ ಬರುವ ಅಗ್ಗದ್ದನ್ನು ಸಿಮೆಂಟ್ ಗೋಡೆಗೆ ಹಾಕಬಾರದು, ಸರಿಯಾಗಿ ಹಿಡಿಯುವುದಿಲ್ಲ. ಬಿಳಿ ಸಿಲಿಕಾನ್ ನಮ್ಮ ಮಳೆಗೆ ಕಪ್ಪು ಚುಕ್ಕೆ ಹಿಡಿಯುತ್ತದೆ. ಹೊರಬದಿಗೆ ಬೂದು ಬಣ್ಣದ್ದು ತರಿಸಿ.

ಕೊಟೇಶನ್‌ನಲ್ಲಿ ಬರೆಸಬೇಕಾದ್ದು

ಬಾಯಿ ಮಾತಿಗೆ ಬೆಲೆ ಇಲ್ಲ. ಪ್ರೊಫೈಲ್ ಕಂಪನಿಯ ಹೆಸರು, ಫಾಯಿಲ್ ಕಂಪನಿಯ ಹೆಸರು, ಫಾಯಿಲ್‌ನ ಕೋಡ್ ನಂಬರ್, ಒಡಲಿನ ಬಣ್ಣ, ಒಂದು ಮುಖವೋ ಎರಡು ಮುಖವೋ, ಇಷ್ಟನ್ನೂ ಪ್ರತಿ ಕಿಟಕಿಯ ಎದುರು ಬರೆಸಿ. "ಮರದ ಬಣ್ಣ" ಅಂತ ಬರೆದುಕೊಟ್ಟರೆ ಯಾವ ಮರ ಬಂದರೂ ನೀವು ಸುಮ್ಮನಿರಬೇಕಾಗುತ್ತದೆ. ವಾರಂಟಿ ಕೇಳುವಾಗ ಪ್ರೊಫೈಲ್‌ಗೆ ಎಷ್ಟು ವರ್ಷ, ಫಾಯಿಲ್‌ನ ಬಣ್ಣಕ್ಕೆ ಎಷ್ಟು ವರ್ಷ, ಫಾಯಿಲ್ ಏಳುವುದಕ್ಕೆ ಎಷ್ಟು ವರ್ಷ ಅಂತ ಬೇರೆ ಬೇರೆಯಾಗಿ ಕೇಳಿ. ದೊಡ್ಡ ಅಕ್ಷರದಲ್ಲಿ ಬರೆದ ವರ್ಷಗಳು ಸಾಮಾನ್ಯವಾಗಿ ಬಿಳಿ ಪ್ರೊಫೈಲ್‌ನದ್ದಾಗಿರುತ್ತವೆ.

ಬೇರೆ ಬೇರೆ ಬ್ಯಾಚ್‌ನ ಫಾಯಿಲ್ ಬಣ್ಣದಲ್ಲಿ ಕೂದಲೆಳೆಯ ವ್ಯತ್ಯಾಸ ಇರಬಹುದು. ಆದ್ದರಿಂದ ಕೆಳಗಿನ ಮಹಡಿಗೆ ಈ ವರ್ಷ, ಮೇಲಿನದಕ್ಕೆ ಮುಂದಿನ ವರ್ಷ ಅನ್ನುವವರು ಒಂದೇ ಗೋಡೆಯ ಕಿಟಕಿಗಳನ್ನಾದರೂ ಒಟ್ಟಿಗೆ ಮಾಡಿಸಿ. ಮೂಲೆ ತುಂಬುವ ಬಣ್ಣದ ಪೆನ್ನು ಒಂದನ್ನು ಸಾಮಾನಿನ ಜೊತೆಗೇ ಕೇಳಿ ಇಟ್ಟುಕೊಳ್ಳಿ. ಐದು ವರ್ಷದ ನಂತರ ಹುಡುಕಿದರೆ ಅದೇ ಶೇಡ್ ಸಿಗುವುದು ಕಷ್ಟ.

ಕೂರಿಸುವಾಗ ಮತ್ತು ಆಮೇಲೆ

ಹೊಸ ಪ್ರೊಫೈಲ್ ಮೇಲೆ ಕಂಪನಿಯ ಹೆಸರಿರುವ ತೆಳು ಪ್ಲಾಸ್ಟಿಕ್ ಪೊರೆ ಇರುತ್ತದೆ. ಗಾರೆ, ಪೇಂಟ್ ಮುಗಿಯುವವರೆಗೆ ಅದು ಬೇಕು. ಮುಗಿದ ಕೂಡಲೇ ಕಿತ್ತುಬಿಡಿ. ಗೃಹಪ್ರವೇಶದವರೆಗೆ ಹೊಸದಾಗಿ ಕಾಣಲಿ ಅಂತ ಬಿಸಿಲಿನಲ್ಲಿ ತಿಂಗಳುಗಟ್ಟಲೆ ಬಿಟ್ಟರೆ ಅಂಟು ಸುಟ್ಟು ಫ್ರೇಮಿಗೇ ಕೂರುತ್ತದೆ. ಆಮೇಲೆ ಉಗುರುದ್ದ ಉಗುರುದ್ದ ಕಿತ್ತುಕೊಂಡು ಕೂರಬೇಕು. ಪೊರೆ ಹರಿದುಹೋದ ಕಡೆ ಪೇಂಟರ್ ಕಂದು ಪ್ಯಾಕಿಂಗ್ ಟೇಪ್ ಸುತ್ತಲು ಬರುತ್ತಾನೆ, ಬಿಡಬೇಡಿ. ಕಾಗದದ ಮಾಸ್ಕಿಂಗ್ ಟೇಪ್ ಹಾಕಿ ಅವತ್ತೇ ತೆಗೆಸಿ.

ಸಿಮೆಂಟ್ ಸಿಡಿದರೆ ಹಸಿಯಿರುವಾಗಲೇ ಒದ್ದೆ ಬಟ್ಟೆಯಲ್ಲಿ ಒರೆಸಲು ಮೇಸ್ತ್ರಿಗೆ ಹೇಳಿ. ಒಣಗಿದ ಮೇಲೆ ಕೆರೆದರೆ ಮರಳಿನ ಕಣ ಗೀರು ಹಾಕುತ್ತದೆ. ಟೈಲ್ಸ್ ತೊಳೆಯುವ ಆಸಿಡ್ ಇನ್ನೊಂದು ಅಪಾಯ. ಪಿವಿಸಿಗೆ ಅದು ಹೆಚ್ಚೇನೂ ಮಾಡದಿದ್ದರೂ ಅದರ ಹೊಗೆಗೆ ಹಿಂಜ್, ಸ್ಕ್ರೂ, ಲಾಕ್ ಎಲ್ಲ ತುಕ್ಕು ಹಿಡಿಯುತ್ತವೆ. ಆಸಿಡ್ ಕೆಲಸ ಮುಗಿಸಿಯೇ ಕದ ಕೂರಿಸಲು ಹೇಳಿ.

ಥಿನ್ನರ್, ಪೆಟ್ರೋಲ್, ನೇಲ್ ಪಾಲಿಶ್ ತೆಗೆಯುವ ದ್ರವ, ಇವು ಮೂರನ್ನೂ ಕಿಟಕಿಯ ಹತ್ತಿರ ತರಬೇಡಿ, ಮೇಲ್ಮೈಯನ್ನೇ ಹಾಳು ಮಾಡಬಹುದು. ಸ್ಟೀಲ್ ಜುಂಗೂ ಬೇಡ. ಪಾತ್ರೆ ತೊಳೆಯುವ ಸೋಪಿನ ನೀರು, ಮೆತ್ತಗಿನ ಬಟ್ಟೆ, ಇಷ್ಟೇ ಬೇಕಾಗಿರುವುದು. ವರ್ಷಕ್ಕೆ ಎರಡು ಸಲ ತೊಳೆಯಿರಿ: ಮೇ ಕೊನೆಯಲ್ಲಿ ಧೂಳು ತೆಗೆಯಲು ಒಮ್ಮೆ, ಮಳೆ ಬಿಟ್ಟ ಮೇಲೆ ದಸರೆಯ ಹೊತ್ತಿಗೆ ಪಾಚಿ ತೆಗೆಯಲು ಇನ್ನೊಮ್ಮೆ. ಮೇ ತಿಂಗಳ ತೊಳೆತದಲ್ಲಿ ಫ್ರೇಮಿನ ಕೆಳಗಿರುವ ನೀರು ಹೋಗುವ ತೂತುಗಳಿಗೆ ಕಡ್ಡಿ ಹಾಕಿ ನೋಡಿ. ಅಲ್ಲಿ ಮಣ್ಣು ಕಟ್ಟಿ ಹುಳ ಗೂಡು ಮಾಡಿರುತ್ತದೆ. ತೂತು ಕಟ್ಟಿದರೆ ನೀರು ಒಳಗೇ ನಿಂತು ಮನೆಯ ಕಡೆಗೆ ತುಳುಕುತ್ತದೆ.